ಬೆರಳ ತುದಿಯ ಭಾರ

ಒಂದೊಂದು ಲೀಟರಿನ ಮೂರು ಹಾಲಿನ ಪ್ಯಾಕೆಟ್ಟುಗಳನ್ನು ಚೀಲಕ್ಕೆ ಹಾಕಿ, ಆ ಚೀಲವನ್ನು ತೋರುಬೆರಳಿಗೆ ನೇತುಹಾಕಿಕೊಳ್ಳಿ. ಈಗ ಅಂಗೈ, ಮಣಿಕಟ್ಟು, ಭುಜ ಯಾವುದೂ ಅಲುಗದಂತೆ ಆ ಬೆರಳನ್ನಷ್ಟೇ ಮಡಿಸಲು ನೋಡಿ. ಆಗುವುದಿಲ್ಲ. ಬೆರಳಿನ ಜತೆ ಕೈ ಬರುತ್ತದೆ, ಕೈಯ ಜತೆ ಭುಜ ಜಗ್ಗುತ್ತದೆ. ತೊಂಬತ್ತರ ದಶಕದಲ್ಲಿ ಅಮೆರಿಕದ ಅಂಗಡಿಗಳಲ್ಲಿ ಮಾರಾಟಕ್ಕಿದ್ದ ಎಷ್ಟೋ ಹೊಸ ಬೋಲ್ಟ್ ರೈಫಲ್ಲುಗಳ ಟ್ರಿಗರ್ ಎಳೆಯಲು ಬೇಕಿದ್ದುದು ಹೆಚ್ಚುಕಡಿಮೆ ಇಷ್ಟೇ ಬಲ, ಆರೇಳು ಪೌಂಡು. ರೈಫಲ್ಲಿನ ತೂಕವೇ ಏಳೆಂಟು ಪೌಂಡು! ಗುರಿ ಎಷ್ಟು ಚೆನ್ನಾಗಿ ಹಿಡಿದರೇನು, ಗುಂಡು ಹಾರುವ ಕ್ಷಣಕ್ಕೆ ನಳಿಗೆ ಬೇರೆಲ್ಲೋ ನೋಡುತ್ತಿರುತ್ತದೆ.

ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜಿಸಿ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿ ಉಳಿಯುವುದು ಬಹಳ ಸಲ ಕಣ್ಣಿನ ತಪ್ಪಿನಿಂದಲ್ಲ, ಬೆರಳಿನ ತಪ್ಪಿನಿಂದ. ಸ್ಪರ್ಧೆಯ ಕಣದಲ್ಲೂ ಅಷ್ಟೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಟ್ರಿಗರಿಗೆ ಕನಿಷ್ಠ ಭಾರದ ನಿಯಮವೇ ಇಲ್ಲ. ಏರ್ ಪಿಸ್ತೂಲಿಗಾದರೆ 500 ಗ್ರಾಂ ಇರಲೇಬೇಕು. ಸ್ಪರ್ಧೆಗೆ ಮುನ್ನ ತೂಕದ ಬಟ್ಟು ನೇತುಹಾಕಿ ಪರೀಕ್ಷಿಸುತ್ತಾರೆ.

ಹಾಗಾದರೆ ಟ್ರಿಗರನ್ನು ಹಗುರ ಮಾಡಿಬಿಟ್ಟರಾಯಿತಲ್ಲ? ಅಲ್ಲೇ ಇರುವುದು ಕಷ್ಟ. ಗುರಿಗಾರ ಗುಂಡು ಹಾರಿಸುವುದು ತಣ್ಣಗೆ ಕೂತು ಅಥವಾ ಮಲಗಿ, ಎದುರಿಗೆ ಗುರಿಫಲಕ ಬಿಟ್ಟರೆ ಬೇರೇನೂ ಇಲ್ಲದ ಕಡೆ. ಬೇಟೆಗಾರನೋ ಚಳಿಯಲ್ಲಿ ಮರಗಟ್ಟಿದ ಬೆರಳಿನವನು. ಬಂಡೆ ಹತ್ತುತ್ತಾನೆ, ಜಾರುತ್ತಾನೆ, ಕೋವಿಯನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಒಯ್ಯುತ್ತಾನೆ. ಪಕ್ಕದಲ್ಲಿ ಹೆಂಡತಿ, ಮಕ್ಕಳು ಇದ್ದಾರು.

ಕೂದಲೆಳೆಯ ಆಧಾರ

ಬೋಲ್ಟಿನೊಳಗೆ ಬಲವಾದ ಸ್ಪ್ರಿಂಗೊಂದು ಸೂಜಿಯನ್ನು ತೋಟೆಯ ಕಡೆಗೆ ನೂಕುತ್ತಲೇ ಇರುತ್ತದೆ. ಅದನ್ನು ತಡೆದು ನಿಲ್ಲಿಸುವ ಉಕ್ಕಿನ ತುಂಡಿಗೆ ಸಿಯರ್ ಎಂದು ಹೆಸರು. ಸಿಯರಿಗೆ ಕೆಳಗಿನಿಂದ ಆಸರೆ ಕೊಡುವುದು ಟ್ರಿಗರಿನ ಅಂಚು. ಟ್ರಿಗರ್ ಎಳೆದಾಗ ಆಸರೆ ತಪ್ಪುತ್ತದೆ, ಸಿಯರ್ ಬೀಳುತ್ತದೆ, ಸೂಜಿ ಹಾರುತ್ತದೆ. ಅಂಚಿನ ಮೇಲೆ ಅಂಚು ಎಷ್ಟು ಕೂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಹೆಚ್ಚು ಕೂತಿದ್ದರೆ ಕೋವಿ ಭದ್ರ, ಎಳೆತ ಒರಟು. ಕೂದಲೆಳೆಯಷ್ಟೇ ಕೂತಿದ್ದರೆ ಎಳೆತ ಬೆಣ್ಣೆ, ಕೋವಿ ಕೈಬಾಂಬು.

ಜರ್ಮನಿಯ 1898ರ ಮೌಸರ್ ಮತ್ತು ಬ್ರಿಟಿಷರ ಲೀ ಎನ್‌ಫೀಲ್ಡ್ ಇದಕ್ಕೆ ಸೈನಿಕರ ಪರಿಹಾರ ಕಂಡುಕೊಂಡಿದ್ದವು. ಟ್ರಿಗರಿಗೆ ಎರಡು ಹಂತ. ಮೊದಲ ಉದ್ದನೆಯ ಎಳೆತದಲ್ಲಿ ಅಂಚು ಬಹುಪಾಲು ಸರಿಯುತ್ತದೆ. ಬೆರಳಿಗೆ ಒಂದು ತಡೆ ಸಿಗುತ್ತದೆ. ಅಲ್ಲಿಂದ ಮುಂದೆ ಎಳೆದರೆ ಈಡು. ಮನಸ್ಸು ಬದಲಾಯಿತೆ? ಬೆರಳು ಸಡಿಲಿಸಿ, ಅಂಚು ಪೂರ್ತಿ ಹಿಂದಕ್ಕೆ ಬಂದು ಕೂರುತ್ತದೆ. ನಮ್ಮ ದೇಶದ ಆರ್ಡ್‌ನೆನ್ಸ್ ಕಾರ್ಖಾನೆಯ .315 ರೈಫಲ್ಲು ಲೀ ಎನ್‌ಫೀಲ್ಡಿನ ಸಂತಾನವೇ. ಹಗುರವೆಂದು ಅದನ್ನು ಯಾರೂ ಹೊಗಳಿದ್ದಿಲ್ಲ. ಆದರೆ ಅದರ ಟ್ರಿಗರು ಸೈನಿಕ ಬಿದ್ದರೂ ತಾನು ಬೀಳಬಾರದೆಂದು ಮಾಡಿದ್ದು.

ವಾಕರ್ ತಂದ ನಯ

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಬೇಟೆಗಾರರಿಗೆ ಬೇಕಾದದ್ದು ಬೇರೆಯೇ. ತಡೆಯಿಲ್ಲದ, ಜಗ್ಗದ, ಗಾಜಿನ ಕಡ್ಡಿ ಲಟಕ್ಕನೆ ಮುರಿದಂಥ ಎಳೆತ. ಅದನ್ನು ಕೊಟ್ಟವರು ರೆಮಿಂಗ್ಟನ್ ಕಂಪನಿಯ ಎಂಜಿನಿಯರ್ ಮೈಕ್ ವಾಕರ್. ಸ್ವತಃ ಪಳಗಿದ ಗುರಿಗಾರ. ನಿಖರತೆಗೆ ಹೆಸರಾದ .222 ರೆಮಿಂಗ್ಟನ್ ತೋಟೆಯೂ ಅವರ ಕೂಸೇ. 1948ರಲ್ಲಿ ಹೊರಬಂದ ಮಾಡೆಲ್ 721ರಲ್ಲಿ ಅವರ ಟ್ರಿಗರು ಇತ್ತು; 1962ರಲ್ಲಿ ಬಂದ ಮಾಡೆಲ್ 700ರಲ್ಲೂ ಅದೇ. ಆ 700 ಲಕ್ಷಗಟ್ಟಲೆ ಮಾರಾಟವಾಯಿತು.

ವಾಕರ್ ಮಾಡಿದ ಜಾಣತನವೆಂದರೆ ಟ್ರಿಗರಿನ ಮುಂದೆ ಕನೆಕ್ಟರ್ ಎಂಬ ಪುಟ್ಟ ಉಕ್ಕಿನ ತುಂಡನ್ನು ಸೇರಿಸಿದ್ದು. ಸಿಯರಿಗೆ ಆಸರೆ ಕೊಡುವುದು ಟ್ರಿಗರಲ್ಲ, ಈ ತುಂಡು. ಅದನ್ನು ಟ್ರಿಗರಿಗೆ ಬಿಗಿದಿಲ್ಲ, ಸ್ಪ್ರಿಂಗಿನ ಒತ್ತಡದಲ್ಲಿ ಅಂಟಿಕೊಂಡಿರುತ್ತದೆ ಅಷ್ಟೆ. ಈಡಾದಾಗ ಸಿಯರು ಅದನ್ನು ಮುಂದಕ್ಕೆ ತಳ್ಳುತ್ತದೆ, ಬೆರಳಿಗೆ ಜಗ್ಗಿದ ಅನುಭವವೇ ಆಗುವುದಿಲ್ಲ. ಕಾರ್ಖಾನೆಯ ರೈಫಲ್ಲಿನಲ್ಲಿ ಅಷ್ಟು ನಯವಾದ ಎಳೆತ ಅಪರೂಪವಾಗಿತ್ತು.

ಪ್ರತಿ ಈಡಿಗೂ ಆ ತುಂಡಿಗೂ ಟ್ರಿಗರಿಗೂ ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ. ಆ ಸಂದಿಗೆ ಧೂಳೋ, ಗಟ್ಟಿಯಾದ ಎಣ್ಣೆಯೋ, ಮಂಜಿನ ಹರಳೋ ಸೇರಿತೆನ್ನಿ. ತುಂಡು ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಸೇಫ್ಟಿ ಹಾಕಿದಾಗ ಸಿಯರ್ ಮೇಲೆದ್ದು ನಿಲ್ಲುವುದರಿಂದ ಏನೂ ಗೊತ್ತಾಗದು. ಸೇಫ್ಟಿ ತೆಗೆದೊಡನೆ ಸಿಯರ್ ಕೆಳಗಿಳಿಯುತ್ತದೆ, ಕೆಳಗೆ ಆಸರೆಯಿಲ್ಲ. ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆ.

ಇನ್ನೊಂದು ವಿಚಿತ್ರ ನೋಡಿ. 1982ರವರೆಗೆ ತಯಾರಾದ ಮಾಡೆಲ್ 700ರಲ್ಲಿ ಸೇಫ್ಟಿ ಹಾಕಿದಾಗ ಬೋಲ್ಟೂ ಬಿಗಿದುಕೊಳ್ಳುತ್ತಿತ್ತು. ಅಂದರೆ ತೋಟೆ ಹೊರತೆಗೆಯಬೇಕಾದರೆ ಮೊದಲು ಸೇಫ್ಟಿ ತೆಗೆಯಲೇಬೇಕು. ಕೋವಿ ಖಾಲಿ ಮಾಡುವ ಎಚ್ಚರದ ಗಳಿಗೆಯೇ ಅಪಾಯದ ಗಳಿಗೆ.

2000ದ ಶರತ್ಕಾಲದಲ್ಲಿ ಮೊಂಟಾನಾ ರಾಜ್ಯದಲ್ಲಿ ಆದದ್ದು ಇದೇ. ಬೇಟೆಗೆ ಹೋಗಿದ್ದ ಕುಟುಂಬವೊಂದರ ತಾಯಿ ಕೋವಿ ಖಾಲಿ ಮಾಡಲು ಸೇಫ್ಟಿ ಸರಿಸಿದರು. ಬೆರಳು ಟ್ರಿಗರಿನ ಮೇಲಿರಲಿಲ್ಲ ಎಂದು ಅವರು ಹೇಳಿದರು. ಗುಂಡು ಕುದುರೆ ಸಾಗಿಸುವ ಗಾಡಿಯ ತಗಡನ್ನು ತೂರಿ, ಆಚೆ ಬದಿಯಲ್ಲಿದ್ದ ಒಂಬತ್ತು ವರ್ಷದ ಮಗನಿಗೆ ತಾಗಿತು. ಹುಡುಗ ಉಳಿಯಲಿಲ್ಲ.

ಆ ಹುಡುಗನ ತಂದೆ ಮುಂದೆ ವರ್ಷಗಟ್ಟಲೆ ಕಂಪನಿಯ ಹಳೆಯ ಕಾಗದಪತ್ರಗಳ ಬೆನ್ನು ಹತ್ತಿದರು. 2010ರಲ್ಲಿ ಅಮೆರಿಕದ ಟಿವಿ ವಾಹಿನಿಯೊಂದು ಸಾಕ್ಷ್ಯಚಿತ್ರದಲ್ಲಿ ಅಂಥ ದಾಖಲೆಗಳನ್ನು ತೋರಿಸಿತು. ಅವುಗಳ ಪ್ರಕಾರ ದೋಷದ ಸುಳಿವು ಮೊದಲ ಪರೀಕ್ಷೆಗಳಲ್ಲೇ ಸಿಕ್ಕಿತ್ತು. ಟ್ರಿಗರನ್ನೇ ತಡೆಹಿಡಿಯುವ ಸೇಫ್ಟಿಯೊಂದನ್ನು 1948ರಲ್ಲಿ ಸ್ವತಃ ವಾಕರ್ ಸೂಚಿಸಿದ್ದರು. ತಗಲುತ್ತಿದ್ದ ಖರ್ಚು ಕೋವಿಗೆ ಐದೂವರೆ ಸೆಂಟ್! ಕಂಪನಿ ಅದನ್ನು ಅಳವಡಿಸಿಕೊಳ್ಳಲಿಲ್ಲ. ಟ್ರಿಗರಿನಲ್ಲಿ ದೋಷವಿಲ್ಲ, ಅನಾಹುತಗಳಿಗೆ ಕೋವಿ ಹಿಡಿದವರ ಅಜಾಗ್ರತೆ ಅಥವಾ ಅವರು ಮಾಡಿಕೊಂಡ ರಿಪೇರಿಯೇ ಕಾರಣ ಎಂಬ ವಾದವನ್ನು ಅದು ಕಡೆಗೂ ಬಿಡಲಿಲ್ಲ.

ಅಜಾಗ್ರತೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಹಗುರವಾಗಲೆಂದು ಸ್ಪ್ರಿಂಗ್ ಕತ್ತರಿಸುವವರು, ಸಿಯರಿನ ಅಂಚಿಗೆ ಅರ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ. ಉಕ್ಕಿನ ಗಟ್ಟಿತನ ಎಷ್ಟೋ ಭಾಗಗಳಲ್ಲಿ ಮೇಲ್ಪದರದ್ದು ಮಾತ್ರ. ಅದು ಸವೆದರೆ ಇವತ್ತು ಸಲೀಸಾದ ಟ್ರಿಗರು ನಾಲ್ಕು ತಿಂಗಳಿಗೆ ತಾನೇ ಜಾರುತ್ತದೆ. ಆದರೆ ನಾಜೂಕಾದ ಯಂತ್ರವನ್ನು ಕೆಸರು, ಮಂಜಿನಲ್ಲಿ ಓಡಾಡುವವನ ಕೈಗೆ ಕೊಟ್ಟವರು ಆ ಕೆಸರನ್ನೂ ಲೆಕ್ಕಕ್ಕೆ ಹಿಡಿಯಬೇಡವೆ?

ನಡುವಿನ ನಾಲಗೆ

ಮೊಕದ್ದಮೆಗಳ ಭಯಕ್ಕೆ ಉಳಿದ ಕಂಪನಿಗಳು ಟ್ರಿಗರುಗಳನ್ನು ಬಿಗಿಗೊಳಿಸುತ್ತ ಹೋದವು. ಆರಂಭದಲ್ಲಿ ಹೇಳಿದ ಹಾಲಿನ ಚೀಲದ ಭಾರ ಬಂದದ್ದು ಹಾಗೆ. ಗಂಟು ಬಿಡಿಸಿದ್ದು ಸ್ಯಾವೇಜ್ ಕಂಪನಿ, 2002ರಲ್ಲಿ. ಅದರ ಅಕ್ಯುಟ್ರಿಗರಿನ ನಡುವೆ ತೆಳ್ಳನೆಯ ನಾಲಗೆಯೊಂದು ಮುಂದಕ್ಕೆ ಚಾಚಿಕೊಂಡಿರುತ್ತದೆ. ಬೆರಳು ಮೊದಲು ಅದನ್ನು ಒತ್ತಬೇಕು. ಒತ್ತದ ಹೊರತು, ಏಟು ಬಿದ್ದು ಸಿಯರ್ ಜಾರಿದರೂ ನಾಲಗೆಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಆಮೇಲೆ ಬೋಲ್ಟನ್ನು ಮತ್ತೆ ಎತ್ತಿ ಕೂರಿಸಬೇಕು, ಅಷ್ಟೆ. ಎಳೆತದ ಭಾರವನ್ನು ಒಂದೂವರೆ ಪೌಂಡಿನವರೆಗೂ ಮಾಲೀಕನೇ ಇಳಿಸಿಕೊಳ್ಳಬಹುದು. ಅವನ ಕೈಗೆ ಸಿಗುವುದು ಸ್ಪ್ರಿಂಗಿನ ಬಿಗಿ ಮಾತ್ರ. ಅಂಚು ಎಷ್ಟು ಕೂತಿರಬೇಕೆಂಬುದು ಕಾರ್ಖಾನೆಯದೇ ತೀರ್ಮಾನ. ಬೇರೆ ಕಂಪನಿಗಳೂ ಇಂಥದೇ ನಾಲಗೆಗಳನ್ನು ತಂದವು.

ರೆಮಿಂಗ್ಟನ್ 2006ರಲ್ಲಿ ಕನೆಕ್ಟರ್ ಇಲ್ಲದ ಹೊಸ ಟ್ರಿಗರು ತಂದಿತು. ಜೋಡಣೆಯ ವೇಳೆ ಅಂಟು ಹೆಚ್ಚಾಗಿ ಬಿದ್ದುದರಿಂದ 2014ರಲ್ಲಿ ಅವನ್ನೂ ವಾಪಸು ಕರೆಸಬೇಕಾಯಿತು. ಸುಮಾರು 75 ಲಕ್ಷ ಕೋವಿಗಳಿಗೆ ಸಂಬಂಧಿಸಿದ ರಾಜಿಯನ್ನು 2017ರಲ್ಲಿ ನ್ಯಾಯಾಲಯ ಒಪ್ಪಿತು. ಮಾಡೆಲ್ 700ರಂಥವುಗಳ ಹಳೆಯ ಟ್ರಿಗರನ್ನು ಬಿಟ್ಟಿಯಾಗಿ ಬದಲಿಸಿಕೊಡುವ ಗಡುವು 2020ರ ಏಪ್ರಿಲಿನಲ್ಲಿ ಮುಗಿಯಿತು. ಅರ್ಜಿ ಹಾಕಿದವರು ತೀರ ಕಡಿಮೆ. ವಾಕರ್ 2013ರಲ್ಲಿ, 101ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರು ದುಡಿದ ಇಲಿಯನ್ ಊರಿನ ಕಾರ್ಖಾನೆಗೆ 2024ರ ಮಾರ್ಚಿನಲ್ಲಿ ಬೀಗ ಬಿತ್ತು.

ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದ ಹಳೆಯ 700ಗಳು ಮಾತ್ರ ಇನ್ನೂ ಎಷ್ಟೋ ಮನೆಗಳ ಬೀರುಗಳಲ್ಲಿವೆ. ಬೇರೆ ತಯಾರಕರ ಟ್ರಿಗರುಗಳು ಪೇಟೆಯಲ್ಲಿ ಸಿಗುತ್ತವೆ. ಬಲ್ಲವನ ಕೈಯಲ್ಲಿ ಬದಲಿಸುವುದು ದೊಡ್ಡ ಕೆಲಸವಲ್ಲ. ಹಳೆಯ ಟ್ರಿಗರು ನಿಂತಿರುವುದು ಎರಡು ಪಿನ್ನುಗಳ ಮೇಲೆ.