ತ್ರಿಶತಕದ ನಂತರದ ಎಂಟು ವರ್ಷ: ಕರುಣ್ ನಾಯರ್ ಏಳುಬೀಳು ಹೇಳುವುದೇನು?

ಬಳಗಾನೂರು: ಭತ್ತದ ಕಟಾವು ಮುಗಿದು ಗದ್ದೆಗಳು ಬರಿದಾಗುತ್ತಿದ್ದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯ ಊರುಗಳಲ್ಲಿ ಸಂಜೆ ಹೊತ್ತು ಟೆನಿಸ್ ಚೆಂಡಿನ ಕ್ರಿಕೆಟ್ ಶುರುವಾಗುತ್ತದೆ. ರಾಯಚೂರು ಜಿಲ್ಲೆಯ ಬಳಗಾನೂರೂ ಇದಕ್ಕೆ ಹೊರತಲ್ಲ. ಹೀಗೆ ಆಡುವ ಹುಡುಗರಿಗೆ ಹಿರಿಯರು ಹೇಳುವ ಮಾತು ಒಂದೇ: ರನ್ ಹೊಡೆಯುತ್ತಾ ಹೋಗು, ಮಿಕ್ಕಿದ್ದೆಲ್ಲ ತಾನಾಗಿ ಬರುತ್ತದೆ. ಆದರೆ ಆ ಮಾತು ಎಷ್ಟರ ಮಟ್ಟಿಗೆ ನಿಜ? ಭಾರತದ ಪರ ಟೆಸ್ಟ್ ಪಂದ್ಯದಲ್ಲಿ ಅಜೇಯ 303 ರನ್ ಗಳಿಸಿದ ಕರ್ನಾಟಕದ ಆಟಗಾರನೊಬ್ಬ ಮುಂದಿನ ಟೆಸ್ಟ್‌ನಲ್ಲಿಯೇ ಹೊರಗುಳಿದ. ಆರು ವರ್ಷಗಳ ನಂತರ ರಾಜ್ಯ ತಂಡದಲ್ಲಿಯೂ ಆತನಿಗೆ ಜಾಗವಿರಲಿಲ್ಲ. ಎಂಟು ವರ್ಷಗಳ ನಂತರ ಮತ್ತೆ ಭಾರತ ತಂಡಕ್ಕೆ ಮರಳಿದ. ಕರುಣ್ ನಾಯರ್ ಅವರ ಈ ಪಯಣವನ್ನು ಬಿಡಿಸಿ ನೋಡಿದರೆ ನಮ್ಮ ಕ್ರಿಕೆಟ್‌ನಲ್ಲಿ ಆಯ್ಕೆ ಎಂಬುದು ಹೇಗೆ ನಡೆಯುತ್ತದೆ ಎಂಬುದೂ ತಿಳಿಯುತ್ತದೆ.

ಏರುಮುಖದ ದಿನಗಳು

ಕೇರಳ ಮೂಲದ ಕುಟುಂಬದ ಕರುಣ್ ಹುಟ್ಟಿದ್ದು 1991ರ ಡಿಸೆಂಬರ್ 6ರಂದು, ರಾಜಸ್ಥಾನದ ಜೋಧಪುರದಲ್ಲಿ. ಬೆಳೆದದ್ದು, ಕ್ರಿಕೆಟ್ ಕಲಿತದ್ದು ಬೆಂಗಳೂರಿನಲ್ಲಿ. 2013-14ರಲ್ಲಿ ಕರ್ನಾಟಕದ ಪರ ರಣಜಿ ಟ್ರೋಫಿಗೆ ಪದಾರ್ಪಣೆ ಮಾಡಿದ ಅವರು ಮೊದಲ ಋತುವಿನಲ್ಲಿಯೇ ಮೂರು ಶತಕ ಬಾರಿಸಿದರು. ಆ ವರ್ಷ ಕರ್ನಾಟಕ ರಣಜಿ ಚಾಂಪಿಯನ್ ಆಯಿತು.

ಮರುವರ್ಷದ ಫೈನಲ್ ಅವರ ಹೆಸರನ್ನು ದೇಶಕ್ಕೆ ಪರಿಚಯಿಸಿತು. 2015ರ ಮಾರ್ಚ್‌ನಲ್ಲಿ ಮುಂಬೈನ ವಾಂಖೆಡೆ ಕ್ರೀಡಾಂಗಣದಲ್ಲಿ ಎದುರಾಳಿ ತಮಿಳುನಾಡು. ಕರ್ನಾಟಕ 84 ರನ್ನಿಗೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಅಲ್ಲಿಂದ ಕರುಣ್ ಮತ್ತು ಕೆ.ಎಲ್. ರಾಹುಲ್ 386 ರನ್ ಜೊತೆಯಾಟ ಕಟ್ಟಿದರು. ರಾಹುಲ್ 188 ರನ್ ಗಳಿಸಿದರೆ, ಕರುಣ್ 328 ರನ್ ಗಳಿಸಿ ರಣಜಿ ಫೈನಲ್ ಪಂದ್ಯವೊಂದರ ಅತ್ಯಧಿಕ ವೈಯಕ್ತಿಕ ಮೊತ್ತದ ದಾಖಲೆ ಬರೆದರು. 1946-47ರಿಂದ ಬರೋಡಾದ ಗುಲ್ ಮಹಮ್ಮದ್ ಹೆಸರಿನಲ್ಲಿದ್ದ 319 ರನ್‌ಗಳ ದಾಖಲೆ ಅಳಿಯಿತು. ಕರ್ನಾಟಕ ಇನಿಂಗ್ಸ್ ಮತ್ತು 217 ರನ್‌ಗಳಿಂದ ಗೆದ್ದಿತು.

2016ರ ನವೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಮೊಹಾಲಿಯಲ್ಲಿ ಟೆಸ್ಟ್ ಪದಾರ್ಪಣೆ. ರಾಹುಲ್ ಗಾಯಾಳುವಾದ ಕಾರಣ ಸಿಕ್ಕ ಅವಕಾಶವದು. 4 ರನ್ ಗಳಿಸಿ ರನೌಟ್ ಆದರು. ಮುಂಬೈ ಟೆಸ್ಟ್‌ನಲ್ಲಿ 13 ರನ್. ಅಜಿಂಕ್ಯ ರಹಾನೆ ಬೆರಳಿಗೆ ಪೆಟ್ಟಾಗಿ ಹೊರಗಿದ್ದುದರಿಂದ ಚೆನ್ನೈನಲ್ಲಿಯೂ ಜಾಗ ಉಳಿಯಿತು. ಆ ಪಂದ್ಯದಲ್ಲಿ ಡಿಸೆಂಬರ್ 19ರಂದು ಕರುಣ್ 381 ಎಸೆತಗಳಲ್ಲಿ 32 ಬೌಂಡರಿ, 4 ಸಿಕ್ಸರ್‌ಗಳೊಡನೆ ಅಜೇಯ 303 ರನ್ ತಲುಪಿದರು. ವೀರೇಂದ್ರ ಸೆಹ್ವಾಗ್ ನಂತರ ತ್ರಿಶತಕ ಬಾರಿಸಿದ ಎರಡನೆಯ ಭಾರತೀಯ ಎನಿಸಿದರು. ಮೊದಲ ಟೆಸ್ಟ್ ಶತಕವನ್ನೇ ತ್ರಿಶತಕವಾಗಿಸಿದವರು ಅವರಿಗಿಂತ ಮೊದಲು ಜಗತ್ತಿನಲ್ಲಿ ಇಬ್ಬರೇ: ವೆಸ್ಟ್ ಇಂಡೀಸ್‌ನ ಗ್ಯಾರಿ ಸೋಬರ್ಸ್ ಮತ್ತು ಆಸ್ಟ್ರೇಲಿಯಾದ ಬಾಬ್ ಸಿಂಪ್ಸನ್. ಭಾರತ 7 ವಿಕೆಟ್‌ಗೆ 759 ರನ್ ಗಳಿಸಿ ಡಿಕ್ಲೇರ್ ಮಾಡಿಕೊಂಡು, ಇನಿಂಗ್ಸ್ ಅಂತರದಿಂದ ಪಂದ್ಯ ಗೆದ್ದಿತು.

ಅದೇ ವರ್ಷದ ಜುಲೈನಲ್ಲಿ ಕೇರಳದ ಪಂಪಾ ನದಿಯಲ್ಲಿ ಅವರಿದ್ದ ದೋಣಿ ಮಗುಚಿ, ಸ್ಥಳೀಯರ ನೆರವಿನಿಂದ ಜೀವ ಉಳಿದಿತ್ತು ಎಂಬುದನ್ನು ನೆನೆದರೆ ಆ ಡಿಸೆಂಬರ್‌ನ ಸಂಭ್ರಮದ ತೂಕ ತಿಳಿಯುತ್ತದೆ.

ತ್ರಿಶತಕ ಸಾಲದೆ ಹೋದದ್ದೇಕೆ?

2017ರ ಫೆಬ್ರುವರಿಯಲ್ಲಿ ಹೈದರಾಬಾದ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಮುಂದಿನ ಟೆಸ್ಟ್. ರಹಾನೆ ಚೇತರಿಸಿಕೊಂಡು ಮರಳಿದ್ದರು. ತಂಡ ಐವರು ಬೌಲರ್‌ಗಳನ್ನು ಕಣಕ್ಕಿಳಿಸಲು ಬಯಸಿತು. ಐವರು ಬೌಲರ್‌ಗಳಿಗೆ ಒಬ್ಬ ವಿಕೆಟ್ ಕೀಪರ್ ಸೇರಿದರೆ ಉಳಿಯುವುದು ಐದೇ ಜಾಗ. ಆ ಐದರಲ್ಲಿ ಕರುಣ್ ಹೆಸರು ಇರಲಿಲ್ಲ. ಒಂದು ಪಂದ್ಯದ ಸಾಧನೆ ಮತ್ತೊಬ್ಬನ ಎರಡು ವರ್ಷಗಳ ಶ್ರಮವನ್ನು ಮರೆಸಲಾರದು ಎಂಬುದು ಅಂದಿನ ನಾಯಕ ವಿರಾಟ್ ಕೊಹ್ಲಿ ಅವರ ವಿವರಣೆಯಾಗಿತ್ತು.

ಈ ತರ್ಕವನ್ನು ಸುಲಭವಾಗಿ ತಳ್ಳಿಹಾಕಲಾಗದು. ಗಾಯದಿಂದ ಹೊರಗುಳಿದವನಿಗೆ ಚೇತರಿಕೆಯ ನಂತರ ಅವನ ಜಾಗವನ್ನು ಮರಳಿ ಕೊಡುವುದು ನ್ಯಾಯ. ಇಲ್ಲವಾದರೆ ಆಟಗಾರರು ಗಾಯವನ್ನು ಮುಚ್ಚಿಟ್ಟು ಆಡುವ ಪರಿಸ್ಥಿತಿ ಬರುತ್ತದೆ. ಆದರೆ ಇದರ ಇನ್ನೊಂದು ಮುಖವೂ ಇದೆ. ಬದಲಿಯಾಗಿ ಬಂದವನು ಎಷ್ಟೇ ರನ್ ಹೊಡೆದರೂ ಅವನು ಬದಲಿ ಆಟಗಾರನೇ. ಆ ಜಾಗ ಅವನದಾಗಬೇಕಾದರೆ ಬೇರೊಬ್ಬ ಸೋಲಬೇಕು, ಅಥವಾ ತಂಡದ ಯೋಜನೆ ಬದಲಾಗಬೇಕು. ಎರಡೂ ಆಟಗಾರನ ಕೈಯಲ್ಲಿಲ್ಲ.

ಆಸ್ಟ್ರೇಲಿಯಾ ವಿರುದ್ಧದ ಸರಣಿಯಲ್ಲಿ ಕರುಣ್‌ಗೆ ಮೂರು ಟೆಸ್ಟ್ ಸಿಕ್ಕಿದವು. ತವರು ಬೆಂಗಳೂರಿನಲ್ಲಿ 26 ಮತ್ತು 0, ರಾಂಚಿಯಲ್ಲಿ 23, ಧರ್ಮಶಾಲಾದಲ್ಲಿ 5. ಅಲ್ಲಿಗೆ 6 ಟೆಸ್ಟ್, 374 ರನ್, ಸರಾಸರಿ 62.33. ಕಾಗದದ ಮೇಲೆ ಭವ್ಯವೆನಿಸುವ ಈ ಸರಾಸರಿಯಿಂದ ಒಂದು ಇನಿಂಗ್ಸ್ ತೆಗೆದರೆ ಉಳಿಯುವುದು ಆರು ಇನಿಂಗ್ಸ್‌ಗಳಲ್ಲಿ 71 ರನ್. ಅಭಿಮಾನಿಗಳು ಮೊದಲ ಅಂಕಿಯನ್ನು ಓದಿದರು, ಆಯ್ಕೆಗಾರರು ಎರಡನೆಯದನ್ನು.

2018ರ ಇಂಗ್ಲೆಂಡ್ ಪ್ರವಾಸ ಇನ್ನೂ ನೋವಿನದು. ಸರಣಿಯ ಆರಂಭದಿಂದ ತಂಡದೊಡನಿದ್ದರೂ ಕರುಣ್‌ಗೆ ಆಡುವ ಹನ್ನೊಂದರಲ್ಲಿ ಸ್ಥಾನ ದೊರೆಯಲಿಲ್ಲ. ಓವಲ್‌ನ ಕೊನೆಯ ಟೆಸ್ಟ್‌ನಲ್ಲಿ, ನಡುವೆ ಬಂದು ತಂಡ ಸೇರಿದ ಹನುಮ ವಿಹಾರಿ ಪದಾರ್ಪಣೆ ಮಾಡಿದರು. ಮುಂದಿನ ಸರಣಿಗೆ ಕರುಣ್ ಹೆಸರೇ ಇರಲಿಲ್ಲ. ತಮ್ಮೊಡನೆ ಯಾರೂ ಮಾತನಾಡಿಲ್ಲವೆಂದು ಅವರು ಹೇಳಿದರೆ, ಮಾತನಾಡಿದ್ದೇವೆ ಎಂದು ಆಯ್ಕೆ ಸಮಿತಿಯ ಅಂದಿನ ಮುಖ್ಯಸ್ಥ ಎಂ.ಎಸ್.ಕೆ. ಪ್ರಸಾದ್ ಹೇಳಿದರು.

ಇಳಿಜಾರು

ಆಟಗಾರನ ಬೆಲೆ ಹೇಗೆ ಏರಿಳಿಯುತ್ತದೆ ಎಂಬುದಕ್ಕೆ ಐಪಿಎಲ್ ಹರಾಜು ಕನ್ನಡಿ. 2016ರಲ್ಲಿ ಡೆಲ್ಲಿ ತಂಡ ಕರುಣ್‌ಗೆ 4 ಕೋಟಿ ರೂಪಾಯಿ ಕೊಟ್ಟಿತು. 2018ರಲ್ಲಿ ಪಂಜಾಬ್ 5.6 ಕೋಟಿಗೆ ಕೊಂಡಿತು. 2021ರಲ್ಲಿ ಕೋಲ್ಕತ್ತಾ ಕೊಟ್ಟಿದ್ದು 50 ಲಕ್ಷ. 2022ರಲ್ಲಿ ರಾಜಸ್ಥಾನ 1.4 ಕೋಟಿಗೆ ಪಡೆಯಿತಾದರೂ, ಮುಂದಿನ ಹರಾಜಿನಲ್ಲಿ ಕೊಳ್ಳುವವರೇ ಇರಲಿಲ್ಲ.

ರಾಜ್ಯ ತಂಡದಲ್ಲಿಯೂ ಇದೇ ಹಾದಿ. 2019-20ರಲ್ಲಿ ಅವರು ಕರ್ನಾಟಕದ ನಾಯಕ. ತಂಡ ರಣಜಿ ಸೆಮಿಫೈನಲ್‌ನಲ್ಲಿ ಬಂಗಾಳಕ್ಕೆ ಸೋತಿತು. ನಂತರದ ಋತುಗಳಲ್ಲಿ ರನ್ ಬತ್ತಿತು. 2022-23ರಲ್ಲಿ ಕರ್ನಾಟಕ ಅವರನ್ನು ಕೈಬಿಟ್ಟಿತು. ಆ ಡಿಸೆಂಬರ್ 10ರಂದು ಅವರು ಟ್ವಿಟರ್‌ನಲ್ಲಿ ಬರೆದ ಒಂದು ಸಾಲು ದೇಶದಾದ್ಯಂತ ಹರಡಿತು: ಪ್ರೀತಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು.

ಇದು ಕೇವಲ ಭಾವುಕತೆಯ ಮಾತಲ್ಲ. 2021ರಲ್ಲಿ ಭಾರತೀಯ ಕ್ರಿಕೆಟ್ ಮಂಡಳಿ ಪರಿಷ್ಕರಿಸಿದ ದರದಂತೆ 40ಕ್ಕಿಂತ ಹೆಚ್ಚು ಪಂದ್ಯ ಆಡಿದ ದೇಶೀಯ ಆಟಗಾರನಿಗೆ ದಿನಕ್ಕೆ 60 ಸಾವಿರ ರೂಪಾಯಿ ಸಂಭಾವನೆ. ಅದು ಸಿಗುವುದು ಕಣಕ್ಕಿಳಿದವನಿಗೆ. ಮೀಸಲು ಆಟಗಾರನಿಗೆ ಅದರ ಅರ್ಧ. ತಂಡದಲ್ಲೇ ಇಲ್ಲದವನಿಗೆ ಆಟವೂ ಇಲ್ಲ, ಆದಾಯವೂ ಇಲ್ಲ. ಮೂವತ್ತೊಂದರ ವಯಸ್ಸಿನಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಕಸುಬು ತಿಳಿಯದವನಿಗೆ ಇದು ಬದುಕಿನ ಪ್ರಶ್ನೆ.

ಹೊರನಾಡಿನ ದಾರಿ

ತವರಿನಲ್ಲಿ ಬಾಗಿಲು ಮುಚ್ಚಿದಾಗ ಹೊರಗೆ ಹೋಗಿ ಹೆಸರು ಮಾಡಿ ಮರಳುವುದು ಕ್ರೀಡಾಲೋಕದಲ್ಲಿ ಹಳೆಯ ದಾರಿ. ಅಮೆರಿಕನ್ ಫುಟ್ಬಾಲ್‌ನಲ್ಲಿ ತಂಡದ ಆಟವನ್ನು ನಡೆಸುವವನು ಕ್ವಾರ್ಟರ್‌ಬ್ಯಾಕ್. ಆ ಸ್ಥಾನದಲ್ಲಿ ಆಡುತ್ತಿದ್ದ ಡಗ್ ಫ್ಲೂಟಿ ಅವರನ್ನು ಎತ್ತರ ಸಾಲದೆಂಬ ಮಾತು ಬೆನ್ನಟ್ಟಿತ್ತು. ಅವರು ಕೆನಡಾದ ಲೀಗ್‌ಗೆ ಹೋಗಿ ಆರು ಬಾರಿ ಶ್ರೇಷ್ಠ ಆಟಗಾರನೆನಿಸಿ, ಮೂರು ಸಲ ಗ್ರೇ ಕಪ್ ಗೆದ್ದು, 1998ರಲ್ಲಿ ಬಫಲೋ ತಂಡದ ಮೂಲಕ ಅಮೆರಿಕದ ಲೀಗ್‌ಗೆ ಮರಳಿದರು.

ಅಷ್ಟು ದೂರ ಹೋಗಬೇಕಾಗಿಲ್ಲ. ರಾಯಚೂರಿನಲ್ಲಿ ಹುಟ್ಟಿದ ಯರೇಗೌಡ ಅವರದೂ ಇಂಥದೇ ಕಥೆ. ಕರ್ನಾಟಕದ ಬ್ಯಾಟಿಂಗ್ ಪಡೆ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಅವರು ರೈಲ್ವೇಸ್ ತಂಡ ಸೇರಿದರು. ರೈಲ್ವೇಸ್ 2001-02 ಮತ್ತು 2004-05ರಲ್ಲಿ ರಣಜಿ ಗೆದ್ದಾಗ ಮಧ್ಯಮ ಕ್ರಮಾಂಕದ ಬೆನ್ನೆಲುಬು ಅವರು. ನಂತರ ಕರ್ನಾಟಕಕ್ಕೆ ಮರಳಿ ನಾಯಕರೂ ಆದರು. ನೂರಕ್ಕೂ ಹೆಚ್ಚು ಪ್ರಥಮ ದರ್ಜೆ ಪಂದ್ಯ ಆಡಿದರೂ ಭಾರತ ತಂಡದ ಕರೆ ಮಾತ್ರ ಬರಲಿಲ್ಲ.

ಕರುಣ್ 2023ರಲ್ಲಿ ವಿದರ್ಭಕ್ಕೆ ವಲಸೆ ಹೋದರು. ಇದೇ ವಿದರ್ಭ 2017ರ ಡಿಸೆಂಬರ್‌ನಲ್ಲಿ ರಣಜಿ ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಕೇವಲ 5 ರನ್‌ಗಳಿಂದ ಮಣಿಸಿತ್ತು. ಆ ಪಂದ್ಯದಲ್ಲಿ ಕರ್ನಾಟಕದ ಪರ 153 ರನ್ ಹೊಡೆದವರು ಕರುಣ್. 2023ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡ್‌ನ ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಆಡಿ ಸರ್ರೆ ವಿರುದ್ಧ 150, ಮರುವರ್ಷ ಗ್ಲಾಮೋರ್ಗನ್ ವಿರುದ್ಧ ಅಜೇಯ 202 ರನ್ ಗಳಿಸಿದರು. 2024ರಲ್ಲಿ ಮೈಸೂರು ವಾರಿಯರ್ಸ್ ನಾಯಕನಾಗಿ ಮಹಾರಾಜ ಟ್ರೋಫಿಯನ್ನೂ ಗೆದ್ದರು.

ಒಂದೇ ಋತು, ಒಂಬತ್ತು ಶತಕ

2024-25ರ ಋತು ಮಾತ್ರ ಬೇರೆಯೇ ಮಟ್ಟದ್ದು. ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕಗಳೊಡನೆ 779 ರನ್. ಔಟಾದದ್ದು ಎರಡೇ ಬಾರಿ, ಹಾಗಾಗಿ ಸರಾಸರಿ 389.50! ಔಟಾಗದೆ ಸತತವಾಗಿ 542 ರನ್ ಸೇರಿಸಿ ಲಿಸ್ಟ್ ಎ ಕ್ರಿಕೆಟ್‌ನಲ್ಲಿ ವಿಶ್ವದಾಖಲೆ ನಿರ್ಮಿಸಿದರು. ವಿಧಿಯ ಆಟವೆಂದರೆ, ಫೈನಲ್‌ನಲ್ಲಿ ವಿದರ್ಭಕ್ಕೆ ಎದುರಾಳಿ ಕರ್ನಾಟಕವೇ. 2025ರ ಜನವರಿ 18ರಂದು ವಡೋದರದಲ್ಲಿ ಕರುಣ್ 27 ರನ್ ಗಳಿಸಿದ್ದಾಗ ಹಳೆಯ ಸಹ ಆಟಗಾರ ಪ್ರಸಿದ್ಧ ಕೃಷ್ಣ ಅವರ ಚೆಂಡಿಗೆ ಔಟಾದರು. ಕರ್ನಾಟಕ 36 ರನ್‌ಗಳಿಂದ ಗೆದ್ದಿತು.

ರಣಜಿಯಲ್ಲಿ 863 ರನ್. ನಾಗಪುರದ ಫೈನಲ್‌ನಲ್ಲಿ ತಮ್ಮ ಪೂರ್ವಜರ ನಾಡಾದ ಕೇರಳದ ವಿರುದ್ಧ 86 ಮತ್ತು 135. ಎರಡನೆಯ ಇನಿಂಗ್ಸ್‌ನ ಶತಕದ ನಂತರ ಒಂಬತ್ತು ಬೆರಳು ಎತ್ತಿ ತೋರಿಸಿದರು. ಅದು ಆ ಋತುವಿನ ಒಂಬತ್ತನೆಯ ಶತಕ. ವಿದರ್ಭ ಚಾಂಪಿಯನ್ ಆಯಿತು. ಏಪ್ರಿಲ್‌ನಲ್ಲಿ 50 ಲಕ್ಷ ರೂಪಾಯಿಯ ಆಟಗಾರನಾಗಿ ಡೆಲ್ಲಿ ಪರ ಮುಂಬೈ ಎದುರು 40 ಎಸೆತಗಳಲ್ಲಿ 89 ರನ್ ಸಿಡಿಸಿದರು. 2018ರ ನಂತರ ಐಪಿಎಲ್‌ನಲ್ಲಿ ಅವರಿಗೆ ಅದು ಮೊದಲ ಅರ್ಧಶತಕ.

ಎರಡನೆಯ ಅವಕಾಶ ಬಂದಾಗ

ಕ್ರಿಕೆಟ್ ಕೊನೆಗೂ ಮೊರೆ ಆಲಿಸಿತು. ಭಾರತ ‘ಎ’ ಪರ ಕ್ಯಾಂಟರ್ಬರಿಯಲ್ಲಿ 204 ರನ್ ಗಳಿಸಿದ ಕರುಣ್, 2025ರ ಜೂನ್ 20ರಂದು ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಕಣಕ್ಕಿಳಿದರು. ಹಿಂದಿನ ಟೆಸ್ಟ್ ಆಡಿ ಎಂಟು ವರ್ಷ ಮೂರು ತಿಂಗಳಾಗಿತ್ತು. ಗಳಿಸಿದ್ದು ಸೊನ್ನೆ. ಆಮೇಲೆ 20, 31, 26, 40, 14. ಪ್ರತಿ ಬಾರಿಯೂ ನೆಲೆಯೂರುವ ಹೊತ್ತಿಗೆ ಔಟಾಗುತ್ತಿದ್ದರು. ಮ್ಯಾಂಚೆಸ್ಟರ್ ಟೆಸ್ಟ್‌ನಿಂದ ಹೊರಬಿದ್ದು, ಓವಲ್‌ನಲ್ಲಿ ಮರಳಿದಾಗ ತಂಡದ 224 ರನ್‌ಗಳಲ್ಲಿ ಅತ್ಯಧಿಕವಾದ 57 ಅವರದು. ಭಾರತ ಆ ಪಂದ್ಯವನ್ನು 6 ರನ್‌ಗಳಿಂದ ಗೆದ್ದು ಸರಣಿಯನ್ನು 2-2ರಲ್ಲಿ ಸಮ ಮಾಡಿಕೊಂಡಿತು. ಆದರೆ ಎಂಟು ಇನಿಂಗ್ಸ್‌ಗಳ ಒಟ್ಟು ಮೊತ್ತ 205 ಮಾತ್ರ. ಅವರಿಂದ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಿದ್ದೆವು ಎಂದ ಆಯ್ಕೆ ಸಮಿತಿ ಮುಖ್ಯಸ್ಥ ಅಜಿತ್ ಅಗರ್ಕರ್, ವೆಸ್ಟ್ ಇಂಡೀಸ್ ಸರಣಿಗೆ ಕರ್ನಾಟಕದವರೇ ಆದ ದೇವದತ್ತ ಪಡಿಕ್ಕಲ್ ಅವರನ್ನು ಆರಿಸಿದರು.

ಮೊದಲ ಬಾರಿ ಕೈಬಿಟ್ಟಾಗ ಅನ್ಯಾಯವೆಂಬ ಕೂಗೆದ್ದಿತ್ತು. ಈ ಬಾರಿ ಆ ಕೂಗು ಅಷ್ಟು ಜೋರಾಗಿರಲಿಲ್ಲ. ಅವಕಾಶ ನಿರಾಕರಿಸುವುದಕ್ಕೂ, ಅವಕಾಶ ಕೊಟ್ಟು ತೂಗಿ ನೋಡುವುದಕ್ಕೂ ಇರುವ ವ್ಯತ್ಯಾಸ ಅದು. ಮೂವತ್ಮೂರು ದಾಟಿದವನಿಗೆ ನಾಲ್ಕು ಟೆಸ್ಟ್ ಸಾಕೇ ಎಂದು ಕೇಳಬಹುದು. ಇಪ್ಪತ್ತೈದರ ಹರೆಯದಲ್ಲಿ, ಕೈ ಕಣ್ಣು ಚುರುಕಾಗಿದ್ದಾಗ ದೊರೆಯಬೇಕಿದ್ದ ಪಂದ್ಯಗಳು ಅವು ಎಂಬುದೇ ನಿಜವಾದ ನಷ್ಟ. ಕಳೆದ ವರ್ಷಗಳನ್ನು ಯಾವ ಆಯ್ಕೆ ಸಮಿತಿಯೂ ಮರಳಿಸಲಾರದು.

ಕರುಣ್ 2025-26ರ ಋತುವಿಗೆ ಕರ್ನಾಟಕಕ್ಕೆ ಹಿಂದಿರುಗಿದರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174, ತಿರುವನಂತಪುರದಲ್ಲಿ ಕೇರಳದ ವಿರುದ್ಧ 233 ರನ್ ಗಳಿಸಿದರು. ಮುನಿಸು ಎರಡೂ ಕಡೆ ಕರಗಿತ್ತು.

ಊರಿನ ಹುಡುಗರಿಗೆ

ಬಳಗಾನೂರಿನಂಥ ಊರಿನಿಂದ ಹೊರಡುವ ಹುಡುಗ ರಾಜ್ಯ ಕ್ರಿಕೆಟ್ ಸಂಸ್ಥೆಯ ರಾಯಚೂರು ವಲಯದ ತಂಡಕ್ಕೆ ಬರುವುದೇ ದೊಡ್ಡ ಮಾತು. ಆಮೇಲಿನ ಪ್ರತಿ ಮೆಟ್ಟಿಲಿನಲ್ಲಿಯೂ ರನ್ನಿನ ಜೊತೆಗೆ ಇನ್ನೊಬ್ಬರ ಗಾಯ, ನಾಯಕನ ಲೆಕ್ಕಾಚಾರ, ಖಾಲಿಯಾದ ಕ್ರಮಾಂಕ ಎಲ್ಲವೂ ಕೂಡಿಬರಬೇಕು. ಯರೇಗೌಡರಿಗೆ ಅದು ಕೂಡಿಬರಲೇ ಇಲ್ಲ. ಕರುಣ್‌ಗೆ ಎರಡು ಸಲ ಕೂಡಿಬಂದು ಎರಡು ಸಲವೂ ಜಾರಿತು. ಇಬ್ಬರೂ ಆಟ ನಿಲ್ಲಿಸಲಿಲ್ಲ, ಆಡುವ ಜಾಗ ಬದಲಿಸಿದರು.

ರನ್ ಹೊಡೆಯುತ್ತಾ ಹೋಗು ಎಂಬ ಹಿರಿಯರ ಮಾತು ಹಾಗಾದರೆ ಸುಳ್ಳೇ? ಅಲ್ಲ. ರನ್ ಹೊಡೆದರೆ ಬಾಗಿಲು ತೆರೆಯುತ್ತದೆ ಎಂಬ ಖಾತ್ರಿ ಯಾರೂ ಕೊಡಲಾರರು. ಆದರೆ ಬಾಗಿಲು ತೆರೆದ ದಿನ ಕೈಯಲ್ಲಿ ರನ್ ಇಲ್ಲದವನ ಹೆಸರನ್ನು ಯಾರೂ ಕೂಗುವುದಿಲ್ಲ.