ಹವ್ಯಾಸಿಯ ಕ್ಯಾಮೆರಾ

ಹೊಟ್ಟೆಪಾಡಿಗಾಗಿ ಮಾಡುವ ಕೆಲಸ ಮನುಷ್ಯನ ದಿನವನ್ನು ತುಂಬುತ್ತದೆ. ಅವನ ಮನಸ್ಸನ್ನು ತುಂಬುವುದು ಅನೇಕ ವೇಳೆ ಅವನ ಹವ್ಯಾಸ. ಲಾಭದ ಆಸೆಯಿಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಕೇವಲ ಪ್ರೀತಿಯಿಂದ ಕೈಗೊಳ್ಳುವ ಕಾರ್ಯವೇ ಹವ್ಯಾಸ. ಕೆಲವರು ಅಂಚೆಚೀಟಿಗಳನ್ನು ಸಂಗ್ರಹಿಸುತ್ತಾರೆ. ಕೆಲವರು ಹೂಗಿಡಗಳನ್ನು ಬೆಳೆಸುತ್ತಾರೆ. ಇನ್ನು ಕೆಲವರು ವೀಣೆಯನ್ನೋ ಕೊಳಲನ್ನೋ ಅಭ್ಯಾಸ ಮಾಡುತ್ತಾರೆ. ಛಾಯಾಗ್ರಹಣವೂ ಇಂಥ ಹವ್ಯಾಸಗಳಲ್ಲಿ ಒಂದು. ಮೇಲುನೋಟಕ್ಕೆ ಇದು ಗುಂಡಿಯೊಂದನ್ನು ಒತ್ತುವಷ್ಟು ಸುಲಭವಾದ ಕೆಲಸ. ಆದರೆ ಒಳಹೊಕ್ಕು ನೋಡಿದರೆ ತಾಳ್ಮೆ, ಸೂಕ್ಷ್ಮದೃಷ್ಟಿ ಹಾಗೂ ಸಂಯಮ ಎಂಬ ಮೂರು ಗುಣಗಳನ್ನು ಅದು ಬೇಡುತ್ತದೆ. ಈ ಮೂರರಲ್ಲಿ ಸಂಯಮವೇ ಎಲ್ಲಕ್ಕಿಂತ ಕಷ್ಟವಾದುದು.

ಫ್ರಾನ್ಸ್ ದೇಶದ ಡಾಗೇರ್ ಎಂಬಾತನ ಛಾಯಾಗ್ರಹಣ ವಿಧಾನವು ಲೋಕಕ್ಕೆ ತಿಳಿದದ್ದು 1839ರಲ್ಲಿ. ಆ ಕಾಲದಲ್ಲಿ ಒಂದು ಚಿತ್ರ ಮೂಡಲು ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಇಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲವೂ ಸಾಕು. ಆದರೂ ಕ್ಯಾಮೆರಾದ ಮೂಲತತ್ತ್ವ ಬದಲಾಗಿಲ್ಲ. ಅದು ಕತ್ತಲು ತುಂಬಿದ ಒಂದು ಪೆಟ್ಟಿಗೆ. ಮುಂದಿರುವ ಮಸೂರದ ಮೂಲಕ ಬೆಳಕು ಒಳಗೆ ಬರುತ್ತದೆ. ಎಷ್ಟು ಬೆಳಕು ಬರಬೇಕೆಂಬುದನ್ನು ಅಪರ್ಚರ್ ಎಂಬ ಕಿಂಡಿಯೂ, ಎಷ್ಟು ಹೊತ್ತು ಬರಬೇಕೆಂಬುದನ್ನು ಷಟರ್ ಎಂಬ ಪರದೆಯೂ ನಿರ್ಧರಿಸುತ್ತವೆ. ಹಿಂದೆ ಬೆಳ್ಳಿಯ ಲವಣವನ್ನು ಲೇಪಿಸಿದ ಫಿಲಂ ಈ ಬೆಳಕನ್ನು ಹಿಡಿಯುತ್ತಿತ್ತು. ಇಂದು ಆ ಕೆಲಸವನ್ನು ವಿದ್ಯುನ್ಮಾನ ಫಲಕವೊಂದು ಮಾಡುತ್ತದೆ. ಹಾರುವ ಹಕ್ಕಿಯ ರೆಕ್ಕೆ ಸ್ಪಷ್ಟವಾಗಿ ಕಾಣಬೇಕಾದರೆ ಷಟರ್ ಕ್ಷಣಮಾತ್ರ ತೆರೆದು ಮುಚ್ಚಬೇಕು. ಹರಿಯುವ ನೀರು ಹಾಲಿನ ನೊರೆಯಂತೆ ತೋರಬೇಕಾದರೆ ಅದೇ ಷಟರ್ ಹೆಚ್ಚು ಹೊತ್ತು ತೆರೆದಿರಬೇಕು. ಹೀಗೆ ಬೆಳಕು ಮತ್ತು ಕಾಲ ಎಂಬ ಎರಡರ ಹೊಂದಾಣಿಕೆಯೇ ಛಾಯಾಗ್ರಹಣದ ಗುಟ್ಟು.

ಈ ಹವ್ಯಾಸಕ್ಕೆ ದೂರದ ಹಿಮಾಲಯವಾಗಲಿ ಆಫ್ರಿಕದ ಕಾಡುಗಳಾಗಲಿ ಅನಿವಾರ್ಯವಲ್ಲ. ಬೆಂಗಳೂರಿನ ಹಳೆಯ ಬಡಾವಣೆಯಾದ ವಿಶ್ವೇಶ್ವರಪುರವನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಲ್ಲಿ ವಾಸಿಸುವ ಹವ್ಯಾಸಿಯೊಬ್ಬನು ಕ್ಯಾಮೆರಾವನ್ನು ಹೆಗಲಿಗೇರಿಸಿ ಹೊರಟರೆ ಲಾಲ್‌ಬಾಗ್, ಬಸವನಗುಡಿ, ಗವಿಪುರ ಇವೆಲ್ಲವೂ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ವರ್ಷವಿಡೀ ನೋಡಿದರೂ ಮುಗಿಯದಷ್ಟು ನೋಟಗಳು ಈ ಸಣ್ಣ ವಲಯದಲ್ಲಿಯೇ ಅಡಗಿವೆ.

ಬೆಳಕಿನ ಮಹತ್ತ್ವವನ್ನು ನಮ್ಮ ಹಿರಿಯರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಗವಿಪುರದ ಗವಿಗಂಗಾಧರೇಶ್ವರ ದೇವಾಲಯವೇ ಸಾಕ್ಷಿ. ಮಕರ ಸಂಕ್ರಾಂತಿಯ ಸಂಜೆ, ಇಳಿಬಿಸಿಲಿನ ಕಿರಣಗಳು ನಂದಿಯ ಕೊಂಬುಗಳ ನಡುವೆ ಹಾದು ಗುಹೆಯೊಳಗಿನ ಲಿಂಗವನ್ನು ಬೆಳಗುತ್ತವೆ. ಕಲ್ಲು ಅದೇ, ಗುಹೆಯೂ ಅದೇ. ಆದರೆ ಓರೆಯಾಗಿ ಬಿದ್ದ ಬೆಳಕು ಕೆಲವೇ ನಿಮಿಷಗಳ ಕಾಲ ಎಲ್ಲವನ್ನೂ ಹೊಸದಾಗಿಸುತ್ತದೆ. ಛಾಯಾಗ್ರಾಹಕನು ಮೊದಲು ಕಲಿಯಬೇಕಾದ ಪಾಠವೂ ಇದೇ. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಚಪ್ಪಟೆಯಾಗಿ ಕಾಣುವ ಮರದ ತೊಗಟೆ, ಕಲ್ಲಿನ ಕೆತ್ತನೆ ಹಾಗೂ ಮುಖದ ಸುಕ್ಕು, ಮುಂಜಾನೆಯ ಅಥವಾ ಸಂಜೆಯ ಓರೆಬೆಳಕಿನಲ್ಲಿ ಉಬ್ಬುತಗ್ಗುಗಳನ್ನು ಪಡೆದು ಜೀವಂತವಾಗುತ್ತವೆ. ಆದುದರಿಂದಲೇ ಈ ಹವ್ಯಾಸಿಗಳು ಊರು ಕಣ್ಣು ಬಿಡುವ ಮುನ್ನ ಮನೆಯಿಂದ ಹೊರಡುವುದು.

ಬೆಳಗಿನ ಹೊತ್ತಿನಲ್ಲಿ ಅವರನ್ನು ಕಾಣಬೇಕಾದರೆ ಲಾಲ್‌ಬಾಗಿಗೆ ಹೋಗಬೇಕು. ಹೈದರಾಲಿಯು 1760ರಲ್ಲಿ ಆರಂಭಿಸಿದ ಈ ತೋಟ ಇಂದು ಸುಮಾರು 240 ಎಕರೆಗಳಷ್ಟು ವಿಸ್ತಾರವಾಗಿದೆ. ಸುಮಾರು 300 ಕೋಟಿ ವರ್ಷಗಳಷ್ಟು ಪುರಾತನವಾದ ಹೆಬ್ಬಂಡೆಯೂ, ಅದರ ಮೇಲೆ ಕೆಂಪೇಗೌಡರ ಹೆಸರಿನ ಗೋಪುರವೂ ಇಲ್ಲಿವೆ. ಸ್ವಾತಂತ್ರ್ಯ ದಿನ ಮತ್ತು ಗಣರಾಜ್ಯ ದಿನದ ವೇಳೆ ಗಾಜಿನ ಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಜನಸಾಗರವೇ ಹರಿದುಬರುತ್ತದೆ. ಹೂಗಳ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ. ನುರಿತ ಹವ್ಯಾಸಿಯಾದರೋ ಪ್ರದರ್ಶನ ಮುಗಿದ ಮೇಲೆ, ಜನರಿಲ್ಲದ ಸಾಮಾನ್ಯ ದಿನದಂದು ಕೆರೆಯ ಅಂಚಿನಲ್ಲಿ ಕುಳಿತಿರುತ್ತಾನೆ. ನೀರುಕಾಗೆಯು ರೆಕ್ಕೆಗಳನ್ನು ಹರಡಿ ಬಿಸಿಲಿಗೆ ಒಣಗಿಸಿಕೊಳ್ಳುವುದು, ಮಿಂಚುಳ್ಳಿಯು ಕೊಂಬೆಯಿಂದ ಬಾಣದಂತೆ ನೀರಿಗೆ ಎರಗುವುದು, ಬೆಳ್ಳಕ್ಕಿಯು ಒಂದೊಂದೇ ಹೆಜ್ಜೆಯನ್ನು ಅಳೆದು ಇಡುವುದು ಇವೆಲ್ಲ ಅವನಿಗೆ ಗೋಚರಿಸುತ್ತವೆ. ಒಂದು ಮಿಂಚುಳ್ಳಿ ಪದೇಪದೇ ಅದೇ ಕೊಂಬೆಗೆ ಹಿಂತಿರುಗುತ್ತದೆಯೆಂಬುದನ್ನು ಅವನು ಎರಡು ದಿನ ಸುಮ್ಮನೆ ನೋಡಿ ತಿಳಿದುಕೊಳ್ಳುತ್ತಾನೆ. ಮೂರನೆಯ ದಿನ ಆ ಕೊಂಬೆಗೆ ಎದುರಾಗಿ, ಸಾಕಷ್ಟು ದೂರದಲ್ಲಿ, ಸೂರ್ಯನಿಗೆ ಬೆನ್ನುಮಾಡಿ ಕಾಯುತ್ತಾನೆ. ಚಿತ್ರಕ್ಕೆ ಹಿಡಿಯುವುದು ಒಂದು ಕ್ಷಣ. ಅದರ ಹಿಂದಿನ ಸಿದ್ಧತೆಗೆ ಮೂರು ದಿನ.

ಪ್ರಕೃತಿಯಂತೆಯೇ ಜನಜೀವನವೂ ಕ್ಯಾಮೆರಾಕ್ಕೆ ಒಳ್ಳೆಯ ವಸ್ತು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುತ್ತಲಿನ ಹಳ್ಳಿಗಳ ರೈತರು ತಾವು ಬೆಳೆದ ಕಡಲೆಕಾಯಿಯನ್ನು ದೊಡ್ಡ ಬಸವಣ್ಣನಿಗೆ ಅರ್ಪಿಸುತ್ತಿದ್ದ ಪದ್ಧತಿಯಿಂದ ಈ ಪರಿಷೆ ಬೆಳೆದು ಬಂದಿತೆಂದು ಪ್ರತೀತಿ. ರಸ್ತೆಯ ಇಕ್ಕೆಲಗಳಲ್ಲಿ ಕಡಲೆಕಾಯಿಯ ರಾಶಿಗಳು, ಸೇರಿನಿಂದ ಅಳೆದು ಸುರಿಯುವ ಕೈಗಳು, ಕಡಲೆಪುರಿ, ಬಳೆ, ಗಿರಿಗಿಟ್ಟಲೆಗಳ ಅಂಗಡಿಗಳು, ತಂದೆಯ ಹೆಗಲೇರಿ ಬೆರಗಿನಿಂದ ನೋಡುವ ಮಕ್ಕಳು, ಹೀಗೆ ನೋಟಗಳಿಗೆ ಕೊರತೆಯೇ ಇಲ್ಲ. ಆದರೆ ಈ ಗದ್ದಲದಲ್ಲಿ ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುಂಬಹೊರಟವನಿಗೆ ಏನೂ ದಕ್ಕುವುದಿಲ್ಲ. ರಾಶಿಯ ಮುಂದೆ ಕುಳಿತ ಮುದುಕಿಯೊಬ್ಬಳ ಮಣ್ಣು ಮೆತ್ತಿದ ಬೆರಳುಗಳು ಮತ್ತು ಆಕೆ ಅಳೆಯುವ ಸೇರು, ಇಷ್ಟನ್ನೇ ಹಿಡಿದ ಚಿತ್ರ ಇಡೀ ಪರಿಷೆಯ ಕಥೆಯನ್ನು ಹೇಳಬಲ್ಲದು.

ಇಲ್ಲಿ ಸೌಜನ್ಯದ ಪ್ರಶ್ನೆಯೂ ಇದೆ. ಆ ಮುದುಕಿ ಪ್ರದರ್ಶನಕ್ಕಿಟ್ಟ ವಸ್ತುವಲ್ಲ. ದಿನದ ವ್ಯಾಪಾರಕ್ಕಾಗಿ ಬಂದ ಗೌರವಸ್ಥೆ. ಕ್ಯಾಮೆರಾವನ್ನು ಮುಖದ ಮುಂದೆ ಚಾಚುವ ಮೊದಲು “ಅಮ್ಮ, ಒಂದು ಚಿತ್ರ ತೆಗೆದುಕೊಳ್ಳಲೇ?” ಎಂದು ಕೇಳುವುದು ಛಾಯಾಗ್ರಾಹಕನ ಕರ್ತವ್ಯ. ಆಕೆ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಪ್ಪಿದರೆ, ಮುಂದಿನ ವರ್ಷದ ಪರಿಷೆಗೆ ಬರುವಾಗ ಆ ಚಿತ್ರದ ಒಂದು ಪ್ರತಿಯನ್ನು ತಂದುಕೊಡುವ ಹವ್ಯಾಸಿಗಳೂ ಉಂಟು. ತನ್ನದೊಂದು ಒಳ್ಳೆಯ ಭಾವಚಿತ್ರವೇ ಇಲ್ಲದ ಬಡ ಕುಟುಂಬಕ್ಕೆ ಅದು ಎಷ್ಟು ದೊಡ್ಡ ಕಾಣಿಕೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಗರದ ಎಲ್ಲೆಯನ್ನು ದಾಟಿದರೆ ಈ ಹವ್ಯಾಸಕ್ಕೆ ಇನ್ನೂ ವಿಶಾಲವಾದ ಕ್ಷೇತ್ರಗಳಿವೆ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು, ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾಯಿತು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಂತೂ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಣ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳೆಂದು ಆ ಊರಿನವರು ಈ ಹಕ್ಕಿಗಳನ್ನು ಭಾವಿಸುತ್ತಾರೆ. ಅಲ್ಲಿಗೆ ಹೋದ ಛಾಯಾಗ್ರಾಹಕನು ಹಕ್ಕಿಗಳ ಚಿತ್ರಗಳೊಂದಿಗೆ ಆ ಊರಿನವರ ನಡತೆಯನ್ನೂ ಕಲಿತು ಬಂದರೆ ಅವನ ಪ್ರಯಾಣ ಸಾರ್ಥಕ.

ಏಕೆಂದರೆ ಈ ಹವ್ಯಾಸದಲ್ಲಿ ಅರಿಯದೆ ಮಾಡುವ ಅಪರಾಧಗಳು ಅನೇಕ. ಹಕ್ಕಿಯ ಗೂಡನ್ನು ಸ್ಪಷ್ಟವಾಗಿ ತೋರಿಸಬೇಕೆಂಬ ಆಸೆಯಿಂದ ಅಡ್ಡವಾದ ಒಂದು ರೆಂಬೆಯನ್ನು ಮುರಿದರೆ ಸಾಕು. ಅದುವರೆಗೆ ಎಲೆಗಳ ಮರೆಯಲ್ಲಿದ್ದ ಮರಿಗಳು ಬಿಸಿಲಿಗೂ ಕಾಗೆಯ ಕಣ್ಣಿಗೂ ತುತ್ತಾಗುತ್ತವೆ. ಮನುಷ್ಯನು ಗೂಡಿನ ಬಳಿಯೇ ನಿಂತರೆ ತಾಯಿಹಕ್ಕಿ ಹತ್ತಿರ ಬರಲು ಹೆದರುತ್ತದೆ. ಕಾವಿಲ್ಲದೆ ಮೊಟ್ಟೆಗಳು ತಣ್ಣಗಾಗುತ್ತವೆ. ಕೊಕ್ಕಿನಲ್ಲಿ ಹುಳುವನ್ನು ಕಚ್ಚಿಕೊಂಡು, ಗೂಡಿಗೆ ಹೋಗದೆ ಕೊಂಬೆಯಿಂದ ಕೊಂಬೆಗೆ ಹಾರುತ್ತ ಕೂಗುವ ಹಕ್ಕಿಯನ್ನು ಕಂಡರೆ, ಅದು ತನ್ನನ್ನು ದೂರ ಸರಿಯೆಂದು ಬೇಡುತ್ತಿದೆಯೆಂದು ಛಾಯಾಗ್ರಾಹಕನು ತಿಳಿಯಬೇಕು. ಹಸಿದ ಮರಿಗಳ ಪಾಲಿನ ಆ ತುತ್ತು ಅವನಿಂದಾಗಿ ತಡೆದು ನಿಂತಿರುತ್ತದೆ. ಅಪೂರ್ವವಾದ ಚಿತ್ರ ಕೈಗೆಟಕುವಂತಿದ್ದಾಗಲೂ ಕ್ಯಾಮೆರಾವನ್ನು ಕೆಳಗಿಳಿಸಿ ಹಿಂದಕ್ಕೆ ಹೋಗುವುದೇ ಆಗ ಉಳಿದ ಮಾರ್ಗ. ಇಂಥ ಕಾರಣಗಳಿಂದಲೇ ಇಂದು ಅನೇಕ ಪ್ರಕೃತಿಪ್ರಿಯರು ಗೂಡುಗಳ ಚಿತ್ರ ತೆಗೆಯುವುದನ್ನೇ ಕೈಬಿಟ್ಟಿದ್ದಾರೆ.

ಕನ್ನಡ ನಾಡಿನಲ್ಲಿ ಈ ಕಲೆಗೆ ಹಿರಿಯ ಪರಂಪರೆಯೊಂದಿದೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು (1932-2017) ಓ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಪಳಗಿ, ವನ್ಯಜೀವಿ ಛಾಯಾಗ್ರಹಣದಲ್ಲಿ ಲೋಕಮಾನ್ಯತೆಯನ್ನು ಪಡೆದರು. ಬಳಿಕ ಅನೇಕ ಕಿರಿಯರಿಗೆ ತಾವೂ ಗುರುಗಳಾದರು. ರಾಜ್ಯದ ಅರ್ಥಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ಸಾರ್ವಜನಿಕ ಜೀವನದ ಬಿಡುವಿಲ್ಲದ ದುಡಿಮೆಯ ನಡುವೆಯೂ ಕಪ್ಪು ಬಿಳುಪಿನಲ್ಲಿ ಕಾಡಿನ ಅದ್ಭುತ ಚಿತ್ರಗಳನ್ನು ಸೆರೆಹಿಡಿದರು. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲಿನ ಹಕ್ಕಿಗಳನ್ನು ಕ್ಯಾಮೆರಾದ ಮೂಲಕ ಅಭ್ಯಾಸ ಮಾಡಿ, ಅವುಗಳನ್ನು ಕನ್ನಡಿಗರಿಗೆ ಕನ್ನಡದ ಹೆಸರುಗಳಲ್ಲಿಯೇ ಪರಿಚಯಿಸಿದರು. ಮೈಸೂರಿನ ಟಿ. ಎಸ್. ಸತ್ಯನ್ ಅವರಿಗೆ ಇದು ಹವ್ಯಾಸವಲ್ಲ, ವೃತ್ತಿ. ಆದರೂ ಸಾಮಾನ್ಯ ಜನರ ನಿತ್ಯದ ಬದುಕನ್ನು ಅವರು ಕಂಡ ರೀತಿ ಹವ್ಯಾಸಿಗಳಿಗೆ ಆದರ್ಶಪ್ರಾಯವಾಗಿದೆ. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರದಲ್ಲಿ ಪ್ರದರ್ಶಿತವಾದವು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ಹವ್ಯಾಸಿಗಳನ್ನು ಒಂದುಗೂಡಿಸಿ ಈ ಪರಂಪರೆಯನ್ನು ಮುಂದುವರಿಸಿವೆ.

ಹವ್ಯಾಸಿಯ ಚಿತ್ರಗಳಿಗೆ ಇನ್ನೂ ಒಂದು ಬೆಲೆಯಿದೆ. ತೆಗೆದ ದಿನ ಅದು ಯಾರಿಗೂ ಕಾಣುವುದಿಲ್ಲ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಆ ಕೆರೆಗಳ ದಡದಲ್ಲಿ ಜನ ಹೇಗೆ ನಡೆದಾಡುತ್ತಿದ್ದರು, ಯಾವ ಹಕ್ಕಿಗಳು ಬಂದಿಳಿಯುತ್ತಿದ್ದವು ಎಂಬುದನ್ನು ಇಂದಿನವರು ತಿಳಿಯಬೇಕಾದರೆ ಹಳೆಯ ಚಿತ್ರಗಳನ್ನೇ ಹುಡುಕಬೇಕು. ಇಷ್ಟು ಹಿಂದಕ್ಕೂ ಹೋಗಬೇಕಾಗಿಲ್ಲ. ವಿಶ್ವೇಶ್ವರಪುರದ ಸಜ್ಜನರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ಚಳಿಗಾಲದಲ್ಲಿ ಅನೇಕ ವರ್ಷ ನಡೆದ ಅವರೆಬೇಳೆ ಮೇಳವು ಜನಸಂದಣಿ ಹೆಚ್ಚಿದ ಮೇಲೆ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಸ್ಥಳಾಂತರಗೊಂಡಿತು. ಕಿರಿದಾದ ಆ ಬೀದಿಯಲ್ಲಿ, ಕಾವಲಿಯ ಆವಿಯ ನಡುವೆ ಅವರೆಬೇಳೆ ದೋಸೆಗಾಗಿ ಮುಗಿಬಿದ್ದ ಜನರನ್ನು ಅಂದು ಚಿತ್ರಿಸಿದವನು ತಾನು ಇತಿಹಾಸವನ್ನು ದಾಖಲಿಸುತ್ತಿದ್ದೇನೆಂದು ಎಣಿಸಿರಲಾರ. ಆದರೆ ಅವನು ಮಾಡಿದ್ದು ಅದನ್ನೇ. ಆದುದರಿಂದ ಪ್ರತಿಯೊಂದು ಚಿತ್ರದೊಂದಿಗೆ ಸ್ಥಳ ಮತ್ತು ದಿನಾಂಕವನ್ನು ಬರೆದಿಡುವುದು ಹವ್ಯಾಸಿಯ ಒಳ್ಳೆಯ ಅಭ್ಯಾಸಗಳಲ್ಲಿ ಮುಖ್ಯವಾದುದು. ದಿನಾಂಕವಿಲ್ಲದ ಚಿತ್ರ ವಿಳಾಸವಿಲ್ಲದ ಕಾಗದದಂತೆ.

ಫಿಲಂ ಬಳಕೆಯಲ್ಲಿದ್ದ ಕಾಲದಲ್ಲಿ ಒಂದು ಸುರುಳಿಗೆ ದೊರೆಯುತ್ತಿದ್ದುದು ಸಾಮಾನ್ಯವಾಗಿ 36 ಚಿತ್ರಗಳು. ಅದರ ಖರ್ಚು ನೆನಪಿದ್ದುದರಿಂದ ಹವ್ಯಾಸಿಯು ಪ್ರತಿ ಬಾರಿಯೂ ಯೋಚಿಸಿ ಗುಂಡಿಯನ್ನು ಒತ್ತುತ್ತಿದ್ದ. ಇಂದು ದೂರವಾಣಿಯಲ್ಲಿಯೇ ಕ್ಯಾಮೆರಾ ಇದೆ. ಒಂದೇ ಮುಂಜಾನೆ ಸಾವಿರ ಚಿತ್ರಗಳನ್ನು ತೆಗೆದರೂ ಖರ್ಚಿಲ್ಲ. ಬಡವ ಬಲ್ಲಿದರೆಂಬ ಭೇದವಿಲ್ಲದೆ ಈ ಕಲೆ ಎಲ್ಲರ ಕೈಗೂ ಬಂದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಹಿಂದೆ ಫಿಲಂ ಕಲಿಸುತ್ತಿದ್ದ ಮಿತವನ್ನು ಈಗ ಮನಸ್ಸೇ ಕಲಿತುಕೊಳ್ಳಬೇಕಾಗಿದೆ. ಮೊದಲು ಕಣ್ತುಂಬ ನೋಡಿ, ಎದುರಿಗಿರುವುದು ಹಕ್ಕಿಯಾಗಲಿ ಮನುಷ್ಯನಾಗಲಿ ತನ್ನಿಂದ ಅದಕ್ಕೆ ತೊಂದರೆಯಿಲ್ಲವೆಂದು ತಿಳಿದುಕೊಂಡು, ಆಮೇಲೆ ಕ್ಯಾಮೆರಾವನ್ನು ಎತ್ತುವವನೇ ನಿಜವಾದ ಹವ್ಯಾಸಿ. ಅಂಥವನು ಒಂದು ದಿನ ಚಿತ್ರವಿಲ್ಲದೆ ಲಾಲ್‌ಬಾಗಿನಿಂದ ಮನೆಗೆ ಹಿಂತಿರುಗಿದರೂ ಬರಿಗೈಯಲ್ಲಿ ಬಂದನೆಂದು ಹೇಳುವಂತಿಲ್ಲ.