ತೂತು ಕೊರೆಯದೆ ಮಾಡಿನ ಮೇಲೆ ಸೌರಫಲಕ



ಕಾಫಿ ಮತ್ತು ಅಡಿಕೆ ತೋಟದ ನಡುವೆ ಬಿಸಿಲು ಬೀಳುವ ಜಾಗಗಳು ಎರಡೇ. ಒಂದು ಕಣ, ಇನ್ನೊಂದು ಮಾಡು. ಕಣ ಫಸಲಿಗೆ ಬೇಕು. ಹೀಗಾಗಿ ಸೌರಫಲಕ ಹಾಕಿಸುವವರು ಮಾಡನ್ನೇ ಆರಿಸುತ್ತಾರೆ. ಮೂರು ವರ್ಷಗಳ ಹಿಂದೆ ನಾನೂ ಗೋದಾಮಿನ ತಗಡಿನ ಮೇಲೆ ಹಾಕಿಸಿದೆ. ಬಂದವರು ಹದಿನಾರು ಕಡೆ ತೂತು ಕೊರೆದು, ಸ್ಕ್ರೂ ಬಿಗಿದು ಹೋದರು. ಮೊದಲ ಮಳೆಗಾಲ ಸುಖವಾಗಿ ಕಳೆಯಿತು. ಎರಡನೆಯ ವರ್ಷದ ಆಷಾಢದಲ್ಲಿ ನೋಡಿದರೆ ನಾಲ್ಕು ಮೂಟೆ ಚೆರಿ ಕಾಫಿ ಒದ್ದೆಯಾಗಿ ಬೂಷ್ಟು ಹಿಡಿದಿತ್ತು. ಸ್ಕ್ರೂಗಳನ್ನು ತಗಡಿನ ಉಬ್ಬಿಗೆ ಹಾಕುವ ಬದಲು ನೀರು ಹರಿಯುವ ತಗ್ಗಿಗೆ ಹಾಕಿದ್ದರು. ರಬ್ಬರು ವಾಷರುಗಳು ಬಿಸಿಲಿಗೆ ಬಿರಿದಿದ್ದವು. ವಿದ್ಯುತ್ತಿನಲ್ಲಿ ಉಳಿಸಿದ ಹಣ ಕಾಫಿಯಲ್ಲಿ ಹೋಯಿತು.

ತೂತು ಕೊರೆಯದೆ ಫಲಕ ಕೂರಿಸಲು ಸಾಧ್ಯವೇ? ಸಾಧ್ಯ. ಹೊರದೇಶಗಳಲ್ಲಿ ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವವರಿದ್ದಾರೆ. ತೂತು ಕೊರೆದರೆ ನೀರು ಸೋರಿ ತುಕ್ಕು ಹಿಡಿಯುತ್ತದೆಂದು ಅವರಲ್ಲಿ ಅನೇಕರು ಫಲಕಗಳನ್ನು ಪಾಲಿಯುರೆಥೇನ್ ಅಂಟಿನಿಂದ ಚಾವಣಿಗೆ ಕೂರಿಸುತ್ತಾರೆ, ಇಲ್ಲವೆ ವ್ಯಾನಿನ ಅಂಚಿಗೆ ಹಿಡಿಕೆಗಳಿಂದ ಕಟ್ಟಿದ ಚೌಕಟ್ಟಿಗೆ ಬಿಗಿಯುತ್ತಾರೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡುವ ವ್ಯಾನಿನ ಮೇಲೂ ಅವು ನಿಲ್ಲುತ್ತವೆ. ಆದರೆ ಆ ಉಪಾಯವನ್ನು ನಮ್ಮ ಮಾಡಿಗೆ ಹಾಗೆಯೇ ತರಲಾಗದು.

ಭಾರಕ್ಕಿಂತ ಗಾಳಿಯ ಭಯ

ಫಲಕದ ಭಾರಕ್ಕೆ ಮಾಡು ಕುಸಿದೀತೆಂದು ನಾವು ಹೆದರುತ್ತೇವೆ. ನಿಜವಾಗಿ ಹೆದರಬೇಕಾದದ್ದು ಅದನ್ನು ಮೇಲೆತ್ತುವ ಗಾಳಿಗೆ. ಎರಡು ಚದರ ಮೀಟರಿನ ಫಲಕದ ತೂಕ 20ರಿಂದ 22 ಕಿಲೋ. ಗಂಟೆಗೆ 100 ಕಿ.ಮೀ. ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 47 ಕಿಲೋ, ಅಂದರೆ ಇಡೀ ಫಲಕಕ್ಕೆ 90 ಕಿಲೋ ಮೀರುತ್ತದೆ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಮಾಡಿನ ಅಂಚು, ಮೂಲೆ, ನೆತ್ತಿಗಳಲ್ಲಿ ಸೆಳೆತ ಇನ್ನೂ ಹೆಚ್ಚು. ಆದ್ದರಿಂದ ಅಲ್ಲೆಲ್ಲ ಜಾಗ ಬಿಟ್ಟು ನಡುವೆ ಕೂರಿಸಬೇಕು. ತೂತು ಬೇಡವೆಂದರೆ ಹಿಡಿತ ಬೇಡವೆಂದಲ್ಲ.

ಯಾವ ಮಾಡಿಗೆ ಯಾವ ಕ್ರಮ?

ಹಂಚಿನ ಮಾಡು: ಇದು ಎಲ್ಲಕ್ಕಿಂತ ಸುಲಭ. ಹಂಚನ್ನು ಸರಿಸಿ, ಕೆಳಗಿನ ಪಕಾಸಿಗೆ ಬಾಗಿದ ಉಕ್ಕಿನ ಕೊಕ್ಕೆ ಬಿಗಿದು, ಕೊಕ್ಕೆಯ ತುದಿಯನ್ನು ಎರಡು ಹಂಚುಗಳ ಸಂದಿನಿಂದ ಹೊರತಂದು, ಹಂಚನ್ನು ಮತ್ತೆ ಹೊದಿಸಬೇಕು. ಹಂಚಿಗೆ ಗಾಯವಿಲ್ಲ. ಆದರೆ ಪಕಾಸು ಗಟ್ಟಿಯಾಗಿರಬೇಕು. ಗೆದ್ದಲು ತಿಂದಿದ್ದರೆ ಮೊದಲು ಅದನ್ನು ಬದಲಿಸಿ.

ಮಡಿಕೆ ಎದ್ದು ನಿಂತ ತಗಡು: ಎರಡು ತಗಡುಗಳನ್ನು ಮೇಲಕ್ಕೆ ಮಡಿಚಿ ಜೋಡಿಸಿದ ಹೊಸ ಬಗೆಯ ಮಾಡಾದರೆ, ಆ ಮಡಿಕೆಯನ್ನೇ ಇಕ್ಕಳದಂತೆ ಕಚ್ಚಿಕೊಳ್ಳುವ ಅಲ್ಯೂಮಿನಿಯಂ ಕ್ಲ್ಯಾಂಪುಗಳು ಸಿಗುತ್ತವೆ. ಒಂದು ತೂತೂ ಬೇಕಿಲ್ಲ.

ಸಾಮಾನ್ಯ ತಗಡು: ನಮ್ಮಲ್ಲಿ ಹೆಚ್ಚಿನ ಗೋದಾಮುಗಳು ಇಂಥವೇ. ಇಲ್ಲಿ ಹೊಸ ತೂತು ಕೊರೆಯುವ ಬದಲು ಹಳೆಯ ತೂತನ್ನೇ ಬಳಸಬಹುದು. ತಗಡನ್ನು ಕೆಳಗಿನ ಜಂತಿಗೆ ಹಿಡಿದಿರುವ ಜೆ-ಬೋಲ್ಟನ್ನು ಬಿಚ್ಚಿ, ಅದೇ ಜಾಗಕ್ಕೆ ಉದ್ದನೆಯ ಬೋಲ್ಟನ್ನು ಹೊಸ ವಾಷರಿನೊಂದಿಗೆ ಹಾಕಿ, ಅದರ ಮೇಲೆ ಫಲಕದ ಪಟ್ಟಿ ಕೂರಿಸಬೇಕು. ಬೋಲ್ಟು ಜಂತಿಯನ್ನು ಹಿಡಿದಿರಲೇಬೇಕು. ಬರಿಯ ತಗಡನ್ನು ನಂಬಿದರೆ ಫಲಕದ ಜೊತೆಗೆ ತಗಡೂ ಹಾರೀತು.

ಕಲ್ನಾರು ಸಿಮೆಂಟು ಶೀಟು: ಇದನ್ನು ಕೊರೆಯಲೂ ಬೇಡಿ, ಹತ್ತಲೂ ಬೇಡಿ. ಕೊರೆದಾಗ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ. ಕಾಲಿಟ್ಟರೆ ಶೀಟು ಮುರಿದು ಕೆಳಗೆ ಬಿದ್ದವರಿದ್ದಾರೆ. ಪಕ್ಕದಲ್ಲಿ ಕಂಬ ನೆಟ್ಟು ಬೇರೆಯೇ ಚೌಕಟ್ಟು ಕಟ್ಟುವುದು ಲೇಸು.

ಅಂಟು ಎಲ್ಲಿ ಸರಿ?

ವ್ಯಾನಿನ ಚಾವಣಿ ಗಟ್ಟಿಯಾದ, ಬಣ್ಣ ಬಳಿದ, ನುಣುಪಾದ ಉಕ್ಕು. ನಮ್ಮ ತಗಡಿನ ಮೇಲೆ ಧೂಳು, ಪಾಚಿ, ತುಕ್ಕು. ಅಂಟು ತುಕ್ಕನ್ನು ಹಿಡಿಯುತ್ತದೆ, ತುಕ್ಕು ತಗಡನ್ನು ಬಿಡುತ್ತದೆ. ಹೀಗಾಗಿ ಗೋದಾಮಿನ ದೊಡ್ಡ ಫಲಕಕ್ಕೆ ಅಂಟನ್ನು ನಂಬಬೇಡಿ. ಸಿಂಪರಣಾ ಯಂತ್ರದ ಬ್ಯಾಟರಿ ತುಂಬಿಸಲು ತೋಟದ ವಾಹನದ ಮೇಲೆ ಸಣ್ಣ ಫಲಕ ಹಾಕುವವರು ಮಾತ್ರ ಈ ಕ್ರಮ ಅನುಸರಿಸಬಹುದು. ಮೇಲ್ಮೈಯನ್ನು ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಿ, ನಾಲ್ಕು ಮೂಲೆಗೂ ಆಧಾರ ಕೊಟ್ಟು ಅಂಟಿಸಬೇಕು. ಈ ಅಂಟು ಗಾಳಿಯ ತೇವದಿಂದ ನಿಧಾನವಾಗಿ ಗಟ್ಟಿಯಾಗುವಂಥದು. ದಿನಕ್ಕೆ ಕೆಲವೇ ಮಿಲಿಮೀಟರು. ಅಂಟಿಸಿದ ದಿನವೇ ವಾಹನ ಓಡಿಸಬೇಡಿ.

ಮರೆಯಬಾರದ ಮಾತುಗಳು

ಫಲಕಕ್ಕೂ ಮಾಡಿಗೂ ನಡುವೆ ನಾಲ್ಕೈದು ಅಂಗುಲ ಅಂತರವಿರಲಿ. 25 ಡಿಗ್ರಿ ಮೀರಿ ಫಲಕ ಕಾದಂತೆಲ್ಲ ಪ್ರತಿ ಡಿಗ್ರಿಗೆ ಶೇಕಡ 0.3ರಿಂದ 0.4ರಷ್ಟು ವಿದ್ಯುತ್ತು ಕಡಿಮೆಯಾಗುತ್ತದೆ. ಅಂತರ ಸಾಲದಿದ್ದರೆ ಸೋಗೆ, ತರಗೆಲೆ ಸಿಕ್ಕಿಕೊಂಡು ನೀರು ಕಟ್ಟುತ್ತದೆ. ಫಲಕದ ಒಂದು ಮೂಲೆಗೆ ಮರದ ನೆರಳು ಬಿದ್ದರೂ ಇಳುವರಿ ಬಹಳ ಇಳಿಯುವುದರಿಂದ ಮೊದಲು ಕೊಂಬೆ ಸವರಿ. ತಂತಿಯನ್ನು ಮಾಡು ಕೊರೆದು ಇಳಿಸದೆ ಸೂರಿನ ಅಂಚಿನಿಂದ ತನ್ನಿ. ಒಳಹೋಗುವ ಮೊದಲು ಅದು ಸ್ವಲ್ಪ ಕೆಳಗೆ ಜೋತು ಬಿದ್ದಿದ್ದರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮುಂಗಾರಿನ ಸಿಡಿಲು ನಮ್ಮ ಸೀಮೆಗೆ ಹೊಸದಲ್ಲ. ಚೌಕಟ್ಟಿಗೆ ಅರ್ಥಿಂಗ್ ಮಾಡಿಸದೆ ಕೆಲಸ ಮುಗಿಯಿತೆನ್ನಬೇಡಿ.

ಕೂರಿಸಲು ಬಂದವರನ್ನು ಮೊದಲೇ ಕೇಳಿ: ಹಿಡಿತ ಪಕಾಸಿಗೋ ಜಂತಿಗೋ, ಬರಿಯ ತಗಡಿಗೋ? ತೂತು ಎಷ್ಟು, ಎಲ್ಲಿ? ಸೋರಿದರೆ ಹೊಣೆ ಯಾರದು? ಉತ್ತರವನ್ನು ಬರೆಸಿಕೊಳ್ಳಿ. ನಾನು ಕೇಳಿರಲಿಲ್ಲ. ಈಗ ಆ ಹದಿನಾರು ತೂತುಗಳನ್ನೂ ಮುಚ್ಚಿಸಿ, ಹಳೆಯ ಬೋಲ್ಟುಗಳ ಜಾಗದಲ್ಲೇ ಫಲಕ ಕೂರಿಸಿದ್ದೇನೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಏಣಿ ಹಾಕಿ ಬೋಲ್ಟು, ವಾಷರು ನೋಡಿಸುತ್ತೇನೆ. ಕಳೆದ ಮಳೆಗಾಲ ಮೂಟೆಗಳು ಒಣಗಿಯೇ ಇದ್ದವು.